ಹೊತ್ತು ಮುಳುಗುವ ಮುಂಚಿನ ಊಟ

ಗೊಬ್ಬರದ ಕಂಪನಿಯವರು ಗೋಕಾಕ, ಮೂಡಲಗಿ ಕಡೆಯ ಅಂಗಡಿಕಾರರಾದ ನಮ್ಮನ್ನೆಲ್ಲ ಥಾಯ್ಲೆಂಡಿನ ನಡುಗಡ್ಡೆಯೊಂದಕ್ಕೆ ಕರೆದೊಯ್ದಿದ್ದರು. ನಮ್ಮೊಡನೆ ಕಲ್ಲೋಳಿಯ ಜೈನ ಕಾಕಾ ಒಬ್ಬರಿದ್ದರು. ಹೊತ್ತು ಮುಳುಗಿದ ಮೇಲೆ ಅವರು ತುತ್ತು ಮುಟ್ಟುವವರಲ್ಲ. ಕಂಪನಿಯ ಊಟವೋ ದಿನಾ ರಾತ್ರಿ ಎಂಟಕ್ಕೆ, ಕುಣಿತದ ಜೊತೆ. ಕಾಕಾ ಬಂದಾಗಿನಿಂದ ಹಸಿದೇ ಮಲಗುತ್ತಿದ್ದರು.

ಆ ಸಂಜೆ ಕಂಪನಿಯ ಬೆಳಗಾವಿ ಮ್ಯಾನೇಜರು, “ಕ್ಯಾಮರಾಕ್ಕ ಹೊಸ ರೀಲ್ ಹಾಕ್ಕೊಂಡು ಎಲ್ಲಾರೂ ದಂಡಿಗೆ ಬರ್ರಿ, ಸೂರ್ಯಾಸ್ತ ಭಾಳ ಚಲೋ ಕಾಣತೈತಿ” ಎಂದಾಗ ನನ್ನ ಪಿತ್ತ ನೆತ್ತಿಗೇರಿತು.

“ಹೊತ್ತು ಮುಳುಗೂದನ್ನ ತೋರಸ್ತೀರಿ, ಅದಕ್ಕಿಂತ ಮೊದಲ ಒಬ್ಬ ಹಿರ್ಯಾರಿಗೆ ಊಟಾ ಹಾಕಾಕ ಆಗೂದಿಲ್ಲೇನ್ರಿ?” ಎಂದು ಕೂಗಾಡಿದೆ.

“ಒಬ್ಬರ ಸಲುವಾಗಿ ಹೋಟೆಲ್‌ನವರು ಒಲಿ ಹಚ್ಚೂದಿಲ್ರಿ” ಎಂದು ಮ್ಯಾನೇಜರು ನಕ್ಕರು.

ಕಾಕಾರ ಕೈ ಹಿಡಿದು ದಂಡೆಯುದ್ದಕ್ಕೂ ಹುಡುಕಿದೆ. ಎಲ್ಲ ಗಾಡಿಗಳಲ್ಲೂ ಮೀನು, ಸಿಗಡಿ. ಕೊನೆಗೊಂದು ಗಾಡಿಯಲ್ಲಿ ಬರೀ ಗೋವಿನಜೋಳದ ತೆನೆ ಸುಡುತ್ತಿದ್ದರು. ಕೆಂಡ ಮಂದವಾಗಿತ್ತು. ಬೀಸಣಿಗೆ ಕಸಿದುಕೊಂಡು ನಾನೇ ಬೀಸಿದೆ. ತೆನೆ ಬೆಂದು ಕೈಗೆ ಬರುವಷ್ಟರಲ್ಲಿ ಸೂರ್ಯನ ಕೊನೆಯ ಅಂಚು ಕಡಲಿಗಿಳಿಯಿತು. ಕಾಕಾ ತೆನೆಯನ್ನು ನನ್ನ ಕೈಗೇ ಕೊಟ್ಟರು.

“ಹೊತ್ತು ಮುಳುಗಿತು. ನೀ ತಿನ್ನಪಾ.”

ಬೆನ್ನ ಹಿಂದೆ ನಮ್ಮ ಕಡೆಯ ಮಂದಿ, ಸೂರ್ಯ ಚಂದವಾಗಿ ಮುಳುಗಿದನೆಂದು, ಚಪ್ಪಾಳೆ ತಟ್ಟುತ್ತಿದ್ದರು.