ಇಲ್ಲದ ಮೇಷ್ಟ್ರ ಮಂಡಿನೋವು

ನಮ್ಮ ಮನೆಯ ನಡುಗೋಡೆಯ ಗೂಡಿನಲ್ಲಿ, ದೀಪದ ಬತ್ತಿ ಮತ್ತು ಬೆಂಕಿಪೊಟ್ಟಣದ ಪಕ್ಕದಲ್ಲಿ, ಒಂದು ಪುಟ್ಟ ಎಣ್ಣೆಯ ಸೀಸೆ ಇದೆ. ಹಿಂದೆ ಯಾವುದೋ ಕೆಮ್ಮಿನ ಔಷಧಿ ಹೊತ್ತು ತಂದಿದ್ದ ಸೀಸೆ. ಈಗ ಅದರೊಳಗೆ ಲಕ್ಕಿಸೊಪ್ಪು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ. ಮುಚ್ಚಳ ತೆಗೆದರೆ ಅರ್ಧ ಅಡುಗೆಮನೆಯ, ಅರ್ಧ ಬಾಣಂತಿ ಕೋಣೆಯ ವಾಸನೆ. ನೀವು ನಮ್ಮ ಮನೆಗೆ ಬಂದರೆ, ಗೆಳೆಯರೇ, ನೋಡಿಯೂ ನೋಡದ ಹಾಗೆ ದಾಟಿ ಹೋಗುವಂಥ ವಸ್ತು ಅದು. ನನಗೆ ಮಾತ್ರ ಹಾಗೆ ದಾಟಲಾಗುವುದಿಲ್ಲ. ಏಕೆಂದರೆ ಆ ಎಣ್ಣೆ ಮೊದಲ ಸಲ ಒಲೆಯ ಮೇಲೆ ಕಾದದ್ದು ಪಿರಿಯಾಪಟ್ಟಣದ ಒಬ್ಬ ಮೇಷ್ಟ್ರ ಮಂಡಿನೋವಿಗಾಗಿ, ಮತ್ತು ಆ ಮೇಷ್ಟ್ರು ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅವರನ್ನು ಹುಟ್ಟಿಸಿ, ಅವರ ಮಂಡಿಗೆ ನೋವು ಕೊಟ್ಟವನು ನಾನು.

ನಾನು ಏಳನೇ ಕ್ಲಾಸಿನ ಹೊಸ್ತಿಲಲ್ಲೇ ಪುಸ್ತಕದ ಚೀಲ ಇಳಿಸಿದವನು. ಬಿಳಿಕೆರೆಗೆ ಹತ್ತಿರದ ಊರಿನಲ್ಲಿ ಸ್ವಲ್ಪ ಹೊಲ, ಹೊಗೆಸೊಪ್ಪು ಬೇಯಿಸುವ ಒಂದು ಬ್ಯಾರನ್ನು, ಅದಕ್ಕೆ ಒರಗಿಕೊಂಡ ಒಂದು ಶೀಟಿನ ಕೊಟ್ಟಿಗೆ, ಇಷ್ಟೇ ನನ್ನ ರಾಜ್ಯಭಾರ. ಹಂಪಾಪುರದ ಕಡೆಗೆ ಮದುವೆಯಾಗಿ ಹೋಗಿದ್ದ ತಂಗಿ ಸರೋಜ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ತವರೆನ್ನುವುದು ಹಬ್ಬಕ್ಕೆ ಬಂದವಳಿಗೆ ಅರಮನೆ, ಇರಲು ಬಂದವಳಿಗೆ ಛತ್ರ. ನಾವು ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ; ಆದರೂ, ದುಡಿಯದೆ ಉಣ್ಣಬಾರದು ಎಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡವಳಂತೆ ಅವಳು ನಮ್ಮೆಲ್ಲರಿಗಿಂತ ಮುಂಚೆ ಎದ್ದು ಕೊಟ್ಟಿಗೆ ಸೇರುತ್ತಿದ್ದಳು. ಬೆಂದ ಸೊಪ್ಪನ್ನು ಬಣ್ಣ, ಹದ, ಚುಕ್ಕೆ ನೋಡಿ ಬೇರೆ ಬೇರೆ ರಾಶಿ ಮಾಡುವುದಕ್ಕೆ ನಮ್ಮ ಕಡೆ ಗ್ರೇಡ್ ಮಾಡುವುದು ಎನ್ನುತ್ತಾರೆ. ತಪ್ಪಿ ಒಂದಷ್ಟು ಕಂದು ಎಲೆ ಹಳದಿಯ ರಾಶಿಗೆ ಸೇರಿದರೂ ಹರಾಜುಕಟ್ಟೆಯಲ್ಲಿ ಇಡೀ ಬೇಲಿನ, ಅಂದರೆ ಸೊಪ್ಪಿನ ಮೂಟೆಯ, ಮುಖ ಬಾಡಿಹೋಗುತ್ತದೆ. ಸರೋಜಳಿಗೆ ಬೆರಳ ತುದಿಯಲ್ಲೇ ಕಣ್ಣು. ಮಾತಾಡುತ್ತಾ, ಹಾಡುತ್ತಾ, ಬೈಯುತ್ತಾ ಎಲೆ ತೂರುತ್ತಾಳೆ, ಎಲೆ ತನ್ನ ರಾಶಿಗೇ ಹೋಗಿ ಬೀಳುತ್ತದೆ. ಅವಳು ಬಂದ ಮೇಲೆ ಕಟ್ಟೆಯಲ್ಲಿ ನಮ್ಮ ಬೇಲುಗಳಿಗೆ ಒಂದು ಮರ್ಯಾದೆ ಬಂತು. ಆ ಮರ್ಯಾದೆಯನ್ನು ನಾನು ನನ್ನ ಮೀಸೆಗೆ ಹಚ್ಚಿಕೊಂಡು ತಿರುಗುತ್ತಿದ್ದೆ.

ಹೀಗಿರುವಾಗ ನಮ್ಮೂರ ಅಂಗನವಾಡಿಯ ಸಹಾಯಕಿಗೆ ನಿವೃತ್ತಿ ಹತ್ತಿರ ಬಂತು. ಆ ಜಾಗಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಸರೋಜ ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನ ಒಂದರಲ್ಲಿ ಮುಗ್ಗರಿಸಿ, ಮತ್ತೊಮ್ಮೆ ಕಟ್ಟಿ, ಅದೇ ಕಲ್ಲಿಗೆ ಅದೇ ಹೆಬ್ಬೆರಳು ತಾಗಿಸಿಕೊಂಡು ಬಿಟ್ಟವಳು. ಒಂದು ದಿನ ಎಲೆ ತೂರುತ್ತಲೇ ಹೇಳಿದಳು: "ಅಣ್ಣ, ಅದೊಂದ್ ಸಬ್ಜೆಕ್ಟ್ ಕಟ್ತೀನಿ. ಮನೇಲಿ ಏಳ್ಕೊಡೋರು ಯಾರಾದ್ರೂ ಇದ್ರೆ ಉಡುಕ್ಕೊಡು. ನಂದೂ ಅಂತ ಒಂದ್ ಬಾಗ್ಲು ಬೇಕು ಕಣಣ್ಣ, ಬೆಳಗ್ಗೆ ಎದ್ದು ಬೀಗ ತೆಗೆಯಾಕೆ."

"ಆಗ್ಲಿ ಬುಡು, ಉಡುಕ್ತೀನಿ" ಎಂದೆ ನಾನು, ಬಹಳ ದೊಡ್ಡ ಅಣ್ಣನ ಹಾಗೆ.

ಸಿಗಲಿ ಎಂದು ಹುಡುಕುವವನಿಗೆ ಕಣ್ಣಿದ್ದರೆ ಸಾಕು; ಸಿಗಬಾರದೆಂದು ಹುಡುಕುವವನಿಗೆ ಬುದ್ಧಿ ಬೇಕು. ಈ ವಿದ್ಯೆ ನನಗೊಬ್ಬನಿಗೇ ಒಲಿದದ್ದೇನೂ ಅಲ್ಲ. ನೆಂಟರು ಹೊರಟಾಗ ಅವರ ಚಪ್ಪಲಿ ಎಷ್ಟು ಬೇಗ ಸಿಗುತ್ತದೆ, ಅವರಿಗೆ ಕೊಡಬೇಕಾದ ಹಲಸಿನಹಣ್ಣನ್ನು ಕೊಯ್ಯುವ ಕುಡುಗೋಲು ಮಾತ್ರ ಎಲ್ಲಿ ಹೋಯಿತೋ ಸಿಗುವುದೇ ಇಲ್ಲ. ಇದು ನಿಮ್ಮ ಮನೆಯಲ್ಲೂ ನಡೆದಿರಬಹುದು. ನಾನು ಬೈಕು ಹತ್ತಿ ಹೆದ್ದಾರಿಯ ಪಕ್ಕದ ಬಿಳಿಕೆರೆಗೆ ಹೋಗಿ, ಪುಟ್ಟತಾಯಮ್ಮನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ಮೈಸೂರಿಗೂ ಹುಣಸೂರಿಗೂ ಹೋಗುವ ಬಸ್ಸುಗಳನ್ನು ನೋಡಿ, ಬಿಸಿಲು ಇಳಿದ ಮೇಲೆ ದಣಿದ ಮುಖ ಹೊತ್ತು ಮನೆಗೆ ಬರುತ್ತಿದ್ದೆ. ಬರುವ ದಾರಿಯಲ್ಲಿ ಒಬ್ಬೊಬ್ಬ ಮೇಷ್ಟ್ರನ್ನು ಸೃಷ್ಟಿ ಮಾಡುತ್ತಿದ್ದೆ. ಹುಣಸೂರಿನ ಮೇಷ್ಟ್ರು ಮಗನ ಜೊತೆ ಇರಲು ಹೋಗಿಬಿಟ್ಟಿದ್ದರು. ಕೆ.ಆರ್. ನಗರದವರು ಗಣಿತ ಬಿಟ್ಟು ಬೇರೆ ಪುಸ್ತಕ ಮುಟ್ಟುತ್ತಿರಲಿಲ್ಲ. ಕೋಟೆ ತಾಲೂಕಿನ ಮೇಡಂ ಮಕ್ಕಳಿಗಷ್ಟೇ ಹೇಳಿಕೊಡುವವರು, ದೊಡ್ಡವರ ಮುಂದೆ ಅವರಿಗೆ ನಾಚಿಕೆ. ಪಿರಿಯಾಪಟ್ಟಣದವರು ಮಾತ್ರ ದೇವರಂಥ ಮನುಷ್ಯರು, ಬರುತ್ತೇನೆ ಎಂದೇ ಹೇಳಿದ್ದರು, ಆದರೆ ಪಾಪ, ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು.

ಸುಳ್ಳು ಹೇಳುವವನು ಸುಳ್ಳಿನಲ್ಲಿ ಒಳ್ಳೆಯವರನ್ನು ತರಬಾರದು ಎಂದು ನನಗೆ ಆಗ ಗೊತ್ತಾಯಿತು. ಉಳಿದವರನ್ನೆಲ್ಲ ಸರೋಜ ಅಂದೇ ಮರೆತಳು, ಪಿರಿಯಾಪಟ್ಟಣದವರನ್ನು ಮರೆಯಲಿಲ್ಲ. "ಒಂಟ್ಮನ್ಸುರಾ ಅವ್ರು? ಅಡುಗೆ ಯಾರ್ ಮಾಡ್ತಾರೆ?" ಎಂದು ವಿಚಾರಿಸಿದಳು. ಹೊಲದ ಬದುವಿನಿಂದ ಲಕ್ಕಿಸೊಪ್ಪು ತಂದು, ಜಜ್ಜಿ, ಎಣ್ಣೆ ಕಾಯಿಸಿ, ಕೆಮ್ಮಿನ ಔಷಧಿಯ ಖಾಲಿ ಸೀಸೆಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಬಿಸಿ ಮಾಡಿ ಅಚ್ಕಳಾಕೆ ಏಳು. ನೋವು ಇಳಿದ್ರೆ ಬರ್ಲಿ, ಇಳೀದಿದ್ರೂ ಪರ್ವಾಗಿಲ್ಲ."

ಆ ಸೀಸೆಯನ್ನು ಚೆಲ್ಲಲು ಕೈ ಬರಲಿಲ್ಲ, ಮನೆಗೆ ಹಿಂದಕ್ಕೆ ತರುವ ಹಾಗಿರಲಿಲ್ಲ. ಟೀ ಅಂಗಡಿಯ ಪುಟ್ಟತಾಯಮ್ಮ ಕುಂಟುತ್ತಾ ಓಡಾಡುತ್ತಿದ್ದಳು; ತಂಗಿ ಸರೋಜ ಮಾಡಿದ್ದು ಎಂದು ಅವಳಿಗೆ ಕೊಟ್ಟುಬಿಟ್ಟೆ. ಒಂದು ಪುಣ್ಯದಿಂದ ಒಂದು ಪಾಪವನ್ನು ಒರೆಸಿದ ನೆಮ್ಮದಿಯೂ ಆಯಿತು.

ನೆಮ್ಮದಿ ಬಹಳ ದಿನ ಬಾಳಲಿಲ್ಲ. ಹುಣಸೂರಿನಲ್ಲಿ ಏನೋ ಕೊಳ್ಳಬೇಕೆಂದು ಸರೋಜ ಒಂದು ದಿನ ನನ್ನ ಬೈಕಿನಲ್ಲಿ ಬಿಳಿಕೆರೆಯವರೆಗೆ ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ. ಪುಟ್ಟತಾಯಮ್ಮ ನಮ್ಮನ್ನು ಕಂಡವಳೇ ಟೀ ಸೋಸುವ ಬಟ್ಟೆಯನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಬಂದಳು.

"ಸರೋಜ ಅಂದ್ರೆ ನೀನೇನವ್ವ? ನಿಮ್ಮಣ್ಣ ಆ ಎಣ್ಣೆ ಕೊಟ್ಟ ಮ್ಯಾಕೆ ನೋಡು ನನ್ನ ಮಂಡಿಯ, ಕರು ಎಗರ್ದಂಗೆ ಎಗರ್ತೀನಿ! ದೇವ್ರಂತೋನು ಕಣವ್ವ. ದಿನಾ ಬತ್ತಾನೆ, ಈ ಬೆಂಚ್ ಮ್ಯಾಲೆ ಕುಂತು ಸಂಜೆಗಂಟ ರೋಡ್ ನೋಡ್ತಾನೆ. ಏನೋ ಮನ್ಸಿಗೆ ಬ್ಯಾಸರ ಅಂತ ನಾನೂ ಕೇಳ್ಲಿಲ್ಲ."

ಸರೋಜ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. "ಪಿರಿಯಾಪಟ್ಣ ಬಲೇ ಅತ್ರಕ್ಕೆ ಬಂದ್ಬುಡ್ತಲ್ಲಣ್ಣ" ಎಂದಳು ಅವಳು, ಬಹಳ ಮೆಲ್ಲಗೆ. ಆಮೇಲೆ ಪುಟ್ಟತಾಯಮ್ಮನ ಕಡೆ ತಿರುಗಿ, "ಬ್ಯಾಸರ ಏನಿಲ್ಲ ಕಣಕ್ಕ. ನಂಗೆ ಸಮಾಜ ಏಳ್ಕೊಡಾಕೆ ಮೇಷ್ಟ್ರುನ್ನ ಉಡುಕ್ತಾವ್ನೆ."

"ಅಯ್ಯೋ, ಅದುಕ್ಯಾಕೆ ಇಷ್ಟೊಂದ್ ಪಾಡು? ಮೇಡಮ್ಮೋರು ಇವ್ನ ಪಕ್ದಾಗೇ ಕುಂತ್ಕಂಡು ವಾರ ವಾರ ಟೀ ಕುಡೀತಾರಲ್ಲ!"

ಬೆಂಚಿನ ಆ ತುದಿಯಲ್ಲಿ ಕುಳಿತಿದ್ದ ಹೆಂಗಸು ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. ಅವರನ್ನು ನಾನು ಎಷ್ಟೋ ಸಲ ಕಂಡಿದ್ದೆ. ಸ್ವಲ್ಪ ಸರಿಯಿರಿ ಎಂದು ಹೇಳಿ ನನ್ನ ಪಕ್ಕದಲ್ಲೇ ಚೀಲ ಇಟ್ಟುಕೊಳ್ಳುತ್ತಿದ್ದವರು. ಹೆಸರು ಕಮಲಮ್ಮ, ಹೊಸ ಅಗ್ರಹಾರದ ಕಡೆಯವರು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಹುಣಸೂರಿನ ಮಗಳ ಮನೆಗೆ ಹೋಗುವಾಗ ಬಸ್ಸು ಬದಲಿಸಲು ಬಿಳಿಕೆರೆಯಲ್ಲಿ ಇಳಿಯುತ್ತಿದ್ದರು. "ಇವರನ್ನ ನಾನೇ ಒಮ್ಮೆ ಕೇಳಿದ್ದೆ, ಯಾವ ಕೆಲಸದ ಮೇಲೆ ಬರ್ತೀರಿ ಅಂತ" ಎಂದರು ಮೇಡಂ. "ಒಬ್ಬರನ್ನ ಹುಡುಕ್ತಾ ಇದ್ದೀನಿ ಅಂದ್ರು. ಯಾರನ್ನ ಅಂತ ಹೇಳಲಿಲ್ಲ." ನಾಲ್ಕು ತಾಲೂಕಿನಲ್ಲೂ ಸಿಗದ ಮೇಷ್ಟ್ರು ನನ್ನ ಮೊಣಕೈಗೆ ತಗಲುವಷ್ಟು ದೂರದಲ್ಲಿದ್ದರು! ಸಿಗಬಾರದೆಂದು ಹುಡುಕುವವನ ಬುದ್ಧಿ ಎಷ್ಟು ಚುರುಕಾಗಿದ್ದರೂ ಅವನ ಕಣ್ಣು ಕುರುಡಾಗಿರುತ್ತದೆ ನೋಡಿ.

ಅಂದು ಸಂಜೆ ಸರೋಜ ಬೈಯಲಿಲ್ಲ, ಅಳಲಿಲ್ಲ. ಎಂದಿನಂತೆ ಕೊಟ್ಟಿಗೆಯಲ್ಲಿ ಕುಳಿತು, ಎಂದಿಗಿಂತ ಅಚ್ಚುಕಟ್ಟಾಗಿ ಎಲೆ ಬೇರೆ ಮಾಡಿದಳು. ಅದೇ ನನ್ನನ್ನು ಸುಟ್ಟಿತು. "ಸೊಪ್ಪು ಕೆಟ್ಟೋಯ್ತದೆ, ನನ್ನ ಕೈ ತಪ್ಪೋಯ್ತದೆ ಅಂತ ಎದ್ರುಕೊಂಡ್ಯಾ?" ಎಂದು ಕೊನೆಗೆ ಕೇಳಿದಳು.

"ಅದೂ ಇತ್ತು."

"ಇನ್ನೇನಿತ್ತು?"

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನನ್ನ ಏಳನೇ ಕ್ಲಾಸಿನ ಪಕ್ಕದಲ್ಲಿ ಅವಳ ಹತ್ತನೇ ಕ್ಲಾಸು ಪಾಸಾಗದೆ ನಿಂತಿರುವವರೆಗೆ ನಾವಿಬ್ಬರೂ ಒಂದೇ ಎತ್ತರ. ಅದು ಪಾಸಾಗಿಬಿಟ್ಟರೆ, ತಂಗಿಗೆ ಆಸರೆ ಕೊಟ್ಟ ಅಣ್ಣ ಎಂಬ ನನ್ನ ಜಗುಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆಸರೆ ಕೊಡುವವನಿಗೆ, ಆಸರೆ ಬೇಕಾದವರು ಎದ್ದು ನಿಲ್ಲುವುದು ಅಷ್ಟಾಗಿ ಇಷ್ಟವಾಗುವುದಿಲ್ಲ. ಬಳ್ಳಿಗೆ ಚಪ್ಪರ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಚಪ್ಪರಕ್ಕೂ ಬಳ್ಳಿ ಬೇಕು, ಇಲ್ಲದಿದ್ದರೆ ಅದು ಬರೀ ನಾಲ್ಕು ಬಿದಿರಿನ ಗಳು ಎಂಬುದನ್ನು ಚಪ್ಪರ ಹೊರಗೆ ಹೇಳಿಕೊಳ್ಳುವುದಿಲ್ಲ.

ಕಮಲಮ್ಮ ಮೇಡಂ ಒಪ್ಪಿದರು. ಶನಿವಾರ ಹುಣಸೂರಿನ ಅವರ ಮಗಳ ಮನೆಯ ಜಗುಲಿಯಲ್ಲಿ ಪಾಠ. ಅವರದು ಒಂದು ಷರತ್ತಿತ್ತು: ಕಲಿತದ್ದನ್ನು ಮನೆಯಲ್ಲಿ ಯಾರಾದರೂ ಒಬ್ಬರಿಗೆ ಬಾಯಲ್ಲಿ ಹೇಳಬೇಕು, ಕೇಳುವವರಿಗೆ ಅರ್ಥವಾಗಬೇಕು. "ಇವರೇ ಆಗಬಹುದು" ಎಂದು ನನ್ನತ್ತ ಗಲ್ಲ ಎತ್ತಿ ತೋರಿಸಿದರು. "ಏನೂ ಗೊತ್ತಿಲ್ಲದವರಾದರೆ ಒಳ್ಳೆಯದು."

ಮೊದಮೊದಲು ಕುದುರಲಿಲ್ಲ. ಸರೋಜ ಪುಸ್ತಕವನ್ನು ಮೊದಲ ಸಾಲಿನಿಂದ ಉರು ಹೊಡೆಯುವವಳು. ಯೂರೋಪಿನ ಹಡಗುಗಳು ಬಂದು ದಡ ಸೇರುವಷ್ಟರಲ್ಲಿ ಅವಳ ಉಸಿರು ಮುಗಿದಿರುತ್ತಿತ್ತು. ಹಿಂದೆ ಎರಡು ಸಲ ನಪಾಸಾದದ್ದೂ ಹೀಗೆಯೇ: ಮೊದಲ ಪ್ರಶ್ನೆಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಸುರಿದು, ಹೊತ್ತು ಕಳೆದು, ಉಳಿದವನ್ನು ಹಾಗೇ ಬಿಟ್ಟು ಬಂದಿದ್ದಳು. ಜೊತೆಗೆ ಹೋಗಿದ್ದ ನಾನೂ ಅಲ್ಲೇ ಕುಳಿತಿದ್ದ ಒಂದು ಶನಿವಾರ, ಬೇಸತ್ತು, "ನಂಗೆ ಬುಡಿ ಮೇಡಂ, ಎಲೆ ನೋಡೋದೊಂದ್ ಬುಟ್ರೆ ಇನ್ನೇನೂ ಬರಾಕಿಲ್ಲ" ಎಂದುಬಿಟ್ಟಳು.

"ಅದನ್ನೇ ಹೇಳು. ಎಲೆ ಹೇಗೆ ನೋಡ್ತೀಯ?"

ಸರೋಜ ಹೇಳತೊಡಗಿದಳು. ಗಿಡದ ತಳದ ಎಲೆ ತೆಳು, ಮಣ್ಣು ಮೆತ್ತಿರುತ್ತದೆ, ಬೇಗ ಬೇರೆ ಮಾಡಿ ಕೈ ತೊಳೆದುಕೊಳ್ಳಬೇಕು. ನಡುವಿನ ಎಲೆಯೇ ನಿಜವಾದ ಸೊಪ್ಪು, ಅಲ್ಲಿ ಕೈ ನಿಧಾನವಾಗಬೇಕು. ತುದಿಯ ಎಲೆ ದಪ್ಪ, ಖಾರ, ಅದರಲ್ಲಿ ಚೆನ್ನಾಗಿರುವುದನ್ನಷ್ಟೇ ಆರಿಸಬೇಕು. ಯಾವ ಎಲೆಯನ್ನೂ ಕೈಯಲ್ಲಿ ಹಿಡಿದುಕೊಂಡು ಕೂರಬಾರದು. ಅಷ್ಟು ಹೊತ್ತು, ಅಷ್ಟು ಚೆಂದವಾಗಿ, ಒಂದೂ ತಡವರಿಸದೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೇಡಂ ಪುಸ್ತಕವನ್ನು ಮುಚ್ಚಿ ಅವಳ ಮಡಿಲಿಗೆ ಇಟ್ಟರು. "ತಗೊಂಡು ಹೋಗು. ಇದನ್ನೂ ಗ್ರೇಡ್ ಮಾಡ್ಕೊಂಡು ಬಾ."

ಮುಂದಿನದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಒಂದು ಕಡೆ ಸೊಪ್ಪಿನ ರಾಶಿ, ಇನ್ನೊಂದು ಕಡೆ ದೇಶದ ರಾಶಿ. ಒಂದು ಮಾತಿನ ಉತ್ತರಗಳೆಲ್ಲ ತಳದ ಎಲೆ: ತಟತಟನೆ ತೂರು. ಸ್ವಾತಂತ್ರ್ಯದ ಹೋರಾಟ, ಮಾನ್ಸೂನು, ಮಣ್ಣುಗಳು ನಡುವಿನ ಎಲೆ. ಬ್ಯಾಂಕು, ಬಜೆಟ್ಟುಗಳು ತುದಿಯ ಖಾರದ ಎಲೆ. ನಾನು ಎದುರಿಗೆ ಕುಳಿತು ತಪ್ಪು ರಾಶಿಗೆ ಸೊಪ್ಪು ಹಾಕುತ್ತಾ ಕೇಳುತ್ತಿದ್ದೆ, ಅವಳು ಪಾಠ ನಿಲ್ಲಿಸದೆ ನನ್ನ ಎಲೆಯನ್ನೂ ಸರಿಯಾದ ರಾಶಿಗೆ ಎಸೆಯುತ್ತಿದ್ದಳು. "ಸಿಪಾಯಿಗಳು ಎದ್ದದ್ದು ಯಾಕಣ್ಣ, ಏಳು?" ಎಂದು ತಟ್ಟನೆ ಕೇಳಿ, ನಾನು ಬೆಬ್ಬೆಬ್ಬೆ ಎಂದರೆ, "ಏಳ್ನೇ ಕ್ಲಾಸು, ಬೆಂಚ್ ಮ್ಯಾಲೆ ನಿಂತ್ಕೊ" ಎನ್ನುತ್ತಿದ್ದಳು. ಕೊಡಗಿನ ಕಡೆಯಿಂದ ಮೋಡ ಏಕೆ ಬರುತ್ತದೆ, ನಮ್ಮ ಹೊಲದ ಮಣ್ಣು ಏಕೆ ಕೆಂಪು ಎಂಬುದು ಜೀವಮಾನವಿಡೀ ಅದರಲ್ಲೇ ಹೊರಳಾಡಿದ ನನಗೆ ಗೊತ್ತಾದದ್ದು ಆಗಲೇ. ಅವಳನ್ನು ಯಾವ ಕೆಲಸಕ್ಕೆ ಕಟ್ಟಿಹಾಕಲು ನಾನು ನಾಲ್ಕು ತಾಲೂಕಿನ ಮೇಷ್ಟ್ರುಗಳನ್ನು ಬಲಿಕೊಟ್ಟೆನೋ, ಆ ಕೆಲಸವೇ ಅವಳ ಕೈ ಹಿಡಿದು ಪರೀಕ್ಷೆಯ ಬಾಗಿಲ ತನಕ ಕರೆದುಕೊಂಡು ಹೋಯಿತು.

ಪರೀಕ್ಷೆಯ ದಿನ, ಮಗಳಷ್ಟು ವಯಸ್ಸಿನ ಹುಡುಗಿಯರ ಜೊತೆ ಸರದಿಯಲ್ಲಿ ನಿಂತು ಒಳಗೆ ಹೋದಳು. ಹೊರಗೆ ಬಂದವಳ ಮುಖದಲ್ಲಿ ಏನೂ ತಿಳಿಯಲಿಲ್ಲ. "ಎಂಗಾಯ್ತವ್ವ?" ಎಂದರೆ, "ಯಾವ್ ಎಲೇನೂ ಕೈಯಾಗೆ ಇಡ್ಕೊಂಡು ಕೂರ್ಲಿಲ್ಲ" ಎಂದಳು.

ಫಲಿತಾಂಶ ಬಂದ ದಿನ ನಾವು ಮೂವರೂ ಪುಟ್ಟತಾಯಮ್ಮನ ಬೆಂಚಿನ ಮೇಲಿದ್ದೆವು. ಮೇಡಂ ತಮ್ಮ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. "ಪಾಸು ಕಣಮ್ಮ. ಬರೀ ಪಾಸಲ್ಲ, ಒಳ್ಳೇ ನಡುವಿನ ಎಲೆ." ಸರೋಜ ಸೆರಗು ಬಾಯಿಗೆ ಒತ್ತಿಕೊಂಡಳು. ಜೋರಾಗಿ ಅತ್ತವನು ನಾನು. ಪುಟ್ಟತಾಯಮ್ಮ ರಸ್ತೆಗೇ ನುಗ್ಗಿ, ಬಂದ ಬಸ್ಸಿನ ಕಂಡಕ್ಟರನಿಗೆ "ನಮ್ ಸರೋಜ ಪಾಸು ಕಣ್ಲಾ!" ಎಂದು ಕೂಗಿದಳು. ಅವನು ಯಾವ ಸರೋಜ ಎಂದು ಕೇಳದೆ ಎರಡು ಸಲ ಸೀಟಿ ಊದಿದ. ಒಂದು ಮೆಟ್ಟಿಲು ಕೆಳಗಿಳಿಯುತ್ತೇನೆಂದು ಹೆದರಿದ್ದ ನಾನು ಅಂದು ಬಿಳಿಕೆರೆಯಲ್ಲೆಲ್ಲ ಎತ್ತರದ ಮನುಷ್ಯನಾಗಿದ್ದೆ.

ಈಗ ಅಂಗನವಾಡಿಯ ಬೀಗದ ಕೈ ಸರೋಜಳ ಸೊಂಟದಲ್ಲಿರುತ್ತದೆ. ಈ ಸಲದ ಸೊಪ್ಪನ್ನು ಹಗಲೆಲ್ಲ ಗ್ರೇಡ್ ಮಾಡುವವನು ನಾನೇ. ಸಂಜೆ ಬಂದು ಅವಳು ನನ್ನ ರಾಶಿಗಳನ್ನು ನೋಡಿ ನಗುತ್ತಾಳೆ, ಬೇಕೆನಿಸಿದರೆ ಕೂರುತ್ತಾಳೆ. ಚಕ್ಕಂಬಕ್ಕಳ ಹಾಕಿ ಕುಳಿತೂ ಕುಳಿತೂ ನನ್ನ ಎರಡು ಮಂಡಿಗಳೂ ಹಿಡಿದುಕೊಂಡಿವೆ. ಮೊನ್ನೆ ನಾನು ಗೋಡೆ ಹಿಡಿದು ಏಳುವುದನ್ನು ಅವಳು ಕಂಡಳು. ಮರುದಿನ ಬೆಳಗ್ಗೆ ಅಂಗನವಾಡಿಗೆ ಹೊರಡುವಾಗ, ಪುಟ್ಟತಾಯಮ್ಮ ತೊಳೆದು ಹಿಂದಕ್ಕೆ ಕೊಟ್ಟಿದ್ದ ಅದೇ ಕೆಮ್ಮಿನ ಸೀಸೆಗೆ ಹೊಸದಾಗಿ ಎಣ್ಣೆ ತುಂಬಿ ನನ್ನ ಮುಂದೆ ಇಟ್ಟಳು.

"ಪಿರಿಯಾಪಟ್ಣದ ಮೇಷ್ಟ್ರಿಗೆ ಕೊಟ್ಬುಡಣ್ಣ. ಪಾಪ, ಎಂಗವ್ರೋ ಏನೋ."

ಸಂಜೆ ಬಾಗಿಲಿಗೆ ಬೀಗ ಹಾಕಿ ಬಂದವಳು, ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು: "ಮೇಷ್ಟ್ರಿಗೆ ಎಂಗದೆ?"

"ವಾಸಿ ಕಣವ್ವ" ಎಂದೆ, ಪಂಚೆ ಎತ್ತಿ ಮಂಡಿ ತಿಕ್ಕಿಕೊಳ್ಳುತ್ತಾ. "ನಾಳೆಯಿಂದ ಪಾಠಕ್ಕೆ ಬತ್ತಾರಂತೆ."