ಬೊಂಬೆಯ ಬೆನ್ನು

ಆಟಿಕೆಯಂಗಡಿಯಲ್ಲಿ ಬೆನ್ನು ನೋಡಿ ಬೊಂಬೆ ಕೊಂಡವರನ್ನು ನಾನು ಈವರೆಗೆ ಕಂಡಿಲ್ಲ, ನೀವೂ ಕಂಡಿರಲಾರಿರಿ. ಆದರೂ ಹೆಬ್ಬೆರಳುದ್ದದ ಈ ವೀರಾಧಿವೀರರನ್ನು ಅಚ್ಚಿಗೆ ಕಳಿಸುವ ಮುನ್ನ ಮುಂಭಾಗ, ಪಾರ್ಶ್ವ, ಬೆನ್ನು ಎಂದು ಮೂರು ಕಡೆಯಿಂದಲೂ ಅಳತೆಗೆ ಸರಿಯಾಗಿ ಚಿತ್ರ ಬರೆದು, ಯಾವ ಗುಂಡಿಗೆ ಯಾವ ಬಣ್ಣವೆಂದು ಗುರುತು ಹಾಕಿಕೊಡಬೇಕು. ಚೆನ್ನೈನ ಪೆರುಂಗುಡಿಯ ಕಚೇರಿಯೊಂದರಲ್ಲಿ ಕುಳಿತು ನಾನು ಮಾಡುವ ಘನಕಾರ್ಯ ಇದೇ. ಜೊತೆಯವರೆಲ್ಲ ಮುಖಕ್ಕೆ ಮುಗಿಬೀಳುವುದರಿಂದ ಬೆನ್ನು ನನ್ನ ಪಾಲಿಗೆ ಬರುತ್ತದೆ, ಮತ್ತು ಬೆನ್ನು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಕೀರ್ತಿಯನ್ನು ನಾನು ನಿಸ್ಸಂಕೋಚವಾಗಿ ಅನುಭವಿಸುತ್ತಿದ್ದೇನೆ.

ಈ ಪಾಂಡಿತ್ಯಕ್ಕೆ ಗುರು ನಮ್ಮ ಯಜಮಾನರು. ಬ್ಯಾಂಕಿನಲ್ಲಿದ್ದ ಅವರು ಮನೆಯಿಂದ ತಾಂಬರಂ ನಿಲ್ದಾಣದವರೆಗೆ, ಇಪ್ಪತ್ತಾರು ವರ್ಷ, ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. "ಸ್ವಲ್ಪ ನಿಧಾನ ರೀ, ನಾನೂ ಬರ್ತಿದೀನಿ" ಎಂದು ಎಷ್ಟು ಗೊಣಗಿದರೂ ಆ ಬೆನ್ನಿಗೆ ಕಿವಿಯಿರಲಿಲ್ಲ. ಕೊಂಚ ತಗ್ಗಿದ ಬಲಭುಜ, ಕಾಲರಿನ ಕೆಳಗೆ ಬೆವರಿನ ಕಲೆ, ಬೆಲ್ಟು ಯಾವಾಗಲೂ ತಪ್ಪಿಸುತ್ತಿದ್ದ ಒಂದು ಲೂಪು, ಎಲ್ಲವೂ ನನಗೆ ಬಾಯಿಪಾಠ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ನನ್ನದೇ ನಿಧಾನದಲ್ಲಿ ನಿಲ್ದಾಣಕ್ಕೆ ನಡೆಯುತ್ತೇನೆ. ಆ ನಿಧಾನದಷ್ಟು ಬೇಸರದ ವಸ್ತು ಇನ್ನೊಂದಿಲ್ಲ.

ಹೋದ ತಿಂಗಳು ಈ ಊರಿನ ಜನರದೇ ಬೊಂಬೆಗಳ ಸೆಟ್ಟು ಮಾಡಬೇಕಾಗಿ ಬಂತು: ಹೂವಿನವಳು, ಎಣ್ಣೂರಿನ ಮೀನುಗಾರ, ರೈಲಿಗೆ ಹೊರಟ ಗುಮಾಸ್ತ. ಗುಮಾಸ್ತನನ್ನು ಕೇಳಿ ಪಡೆದೆ. ಬೆನ್ನು ಒಂದೇ ಉಸಿರಿಗೆ ಬಂತು. ಮುಖ ಮಾತ್ರ ಬರಲೊಲ್ಲದು. ಯಜಮಾನರ ಹಳೆಯ ಫೋಟೋ ಹೊರತೆಗೆದು ನೋಡಿದರೆ ಅಲ್ಲಿದ್ದವರು ಪಾಸ್‌ಪೋರ್ಟಿಗೆಂದು ಬಿಗಿದುಕೊಂಡು ಕುಳಿತ ಯಾರೋ ಅಪರಿಚಿತರು. ಕಟ್ಟಿಕೊಂಡವರ ಮುಖವೇ ಕೈಗೆ ಹತ್ತದ ಚಿತ್ರಗಾರ್ತಿ ನಾನು ಎಂದು ಅಳು ಬಂತು. ಕಡೆಗೆ ಕನ್ನಡಕ, ಮೀಸೆಗಳ ಮರೆಯಲ್ಲಿ ಯಾರದೋ ಮುಖ ಕೂರಿಸಿ ಕಳಿಸಿದೆ.

ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂರ್ತಿಯಾಗಿಸುವವಳು ಸುಧಾ, ಇಲ್ಲೇ ಹುಟ್ಟಿ ಬೆಳೆದು ತಮಿಳು ಬೆರೆಸಿಯೇ ಮಾತಾಡುವ ಕನ್ನಡದ ಹುಡುಗಿ. ಮರುದಿನ ನನ್ನ ಮೇಜಿನ ಬಳಿ ಬಂದಳು.

"ಅಕ್ಕಾ, ಲೆಫ್ಟ್ ಕೈ ಪಿನ್ನಾಡಿ ಚಾಚಿ ಓಪನ್ ಆಗಿದೆಯಲ್ಲ, ಅದ್ರಲ್ಲಿ ಏನು ಬರತ್ತೆ? ಬ್ಯಾಗಾ, ಕೊಡೆಯಾ?"

"ಏನೂ ಇಲ್ಲಮ್ಮ."

"ಅಪ್ಪೊ ಮುಷ್ಟಿ ಮಾಡಿಬಿಡ್ಲಾ? ಬೆರಳೆಲ್ಲ ರೊಂಬ ತೆಳ್ಳಗಿದೆ, ಅಚ್ಚಿಂದ ತೆಗೆಯೋವಾಗ ಮುರಿದೋಗತ್ತೆ."

ಹಾಗೊಂದು ಕೈ ಬರೆದದ್ದು ಅವಳು ತೋರಿಸುವವರೆಗೆ ನನಗೇ ತಿಳಿದಿರಲಿಲ್ಲ. ರೈಲು ಬಂದು ಜನ ನುಗ್ಗುವಾಗ ಅವರು ತಿರುಗಿ ನೋಡದೆಯೇ ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದರು. ನಾನು ಹಿಡಿದುಕೊಳ್ಳುವವರೆಗೆ ಹತ್ತುತ್ತಿರಲಿಲ್ಲ. ದಿನವೂ ಹಿಡಿದ ಆ ಕೈಯನ್ನು, ದೂರು ಹೇಳುವ ಭರದಲ್ಲಿ, ನಾನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬೆರಳು ಸ್ವಲ್ಪ ದಪ್ಪ ಮಾಡು ಸುಧಾ, ಮುಚ್ಚಬೇಡ" ಎಂದೆ.

ಮಾದರಿ ಬೊಂಬೆ ನಿನ್ನೆ ಬಂತು. ಎಲ್ಲರೂ ಮುಖ ಕಾಣುವಂತೆ ಇಡುವ ಬೊಂಬೆಯನ್ನು ನಾನು ಬೆನ್ನು ನನ್ನ ಕಡೆಗಿರುವಂತೆ ಮೇಜಿನ ಮೇಲೆ ನಿಲ್ಲಿಸಿದೆ. ಚಾಚಿದ ಆ ಅಂಗೈಗೆ ನನ್ನ ಕಿರುಬೆರಳ ತುದಿಯೂ ದೊಡ್ಡದಾಯಿತು. ಆದರೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದೆ.