ಅತ್ತೆಯ ಪಾಲಿನ ನೀರು

"ಅಯ್ಯೋ ಕುಡೀಬೇಡಿ ಮೇಡಂ, ಅದು ಅಜ್ಜಿ ನೀರು!" ಲೋಟ ನನ್ನ ತುಟಿಗೆ ತಾಗುವಷ್ಟರಲ್ಲಿ ನರ್ಸ್ ಕೂಗಿಕೊಂಡರು. ಮದ್ದೂರಿನ ವೃದ್ಧಾಶ್ರಮದಲ್ಲಿರುವ ನನ್ನ ಸೋದರತ್ತೆ ಮಾತ್ರ ಏನೂ ಅರಿಯದವರಂತೆ ಮಂಚದ ಮೇಲೆ ಕುಳಿತಿದ್ದರು.

ನೀರು ಸಾಲದೆ ಅತ್ತೆ ಒಮ್ಮೆ ತಲೆಸುತ್ತಿ ಬಿದ್ದಿದ್ದರು. ದಿನಕ್ಕೆರಡು ಬಾಟಲಿ ಕುಡಿಸಿ ಎಂದಿದ್ದರು ಡಾಕ್ಟರು. ಬಾಟಲಿಗಳು ಖಾಲಿಯಾಗುತ್ತಿದ್ದವು, ನರ್ಸ್ ಖುಷಿಯಿಂದ ಬರೆದುಕೊಳ್ಳುತ್ತಿದ್ದರು. ಕುಡಿಯುತ್ತಿದ್ದವರು ಮಾತ್ರ ನೋಡಲು ಬಂದ ನಾವು! ಬೆಲ್ಲದ ಚೂರಿನ ಜೊತೆ ಅತ್ತೆ ನೀರು ಕೊಟ್ಟರೆ ಬೇಡವೆನ್ನುವುದು ಹೇಗೆ?

"ಬಿಸ್ಲಲ್ಲಿ ಬಂದೋರ್ಗೆ ನೀರ್ ಕೊಡ್ದೆ ಕಳ್ಸಕಾಯ್ತದಾ? ನಾನ್ ಕುಡುದ್ರೆ ಗಳ್ಗೆಗೊಂದ್ಸಲ ಬಚ್ಚಲ್ಗೆ ಎದ್ದೋಗ್ಬೇಕು, ಮಂಡಿ ನೋಯ್ತದೆ ಕಣವ್ವ" ಎಂದರು ಅತ್ತೆ.

ನರ್ಸ್ ಪಕ್ಕದಲ್ಲೇ ಕುಳಿತರು. "ನಾನೂ ಬೆಸಗರಹಳ್ಳಿಯಿಂದ ಬಿಸ್ಲಲ್ಲೇ ಬಂದೋಳು ಕಣಜ್ಜಿ. ನೀವ್ ಕುಡಿಯೋಗಂಟ ನಾನೂ ಕುಡಿಯಕಿಲ್ಲ."

ಬಂದವರು ನೀರು ಮುಟ್ಟದೆ ಕೂರುವುದೇ? ಅತ್ತೆ ಸೋತರು. ಗೊಣಗುತ್ತಲೇ ಒಂದು ಲೋಟ ಕುಡಿದು, ಇನ್ನೊಂದನ್ನು ನರ್ಸ್‌ಗೆ ತುಂಬಿಕೊಟ್ಟರು.

ಈಗ ನಾನು ಬಾಯಾರಿಕೆ ಇಟ್ಟುಕೊಂಡೇ ಅತ್ತೆಯನ್ನು ನೋಡಲು ಹೋಗುತ್ತೇನೆ. ಅತ್ತೆ ಕುಡಿದ ಮೇಲೆಯೇ ನಾನು ಕುಡಿಯುವುದು. ಹೊರಡುವ ಮೊದಲು ಕೈಹಿಡಿದು ಬಚ್ಚಲಿಗೂ ಕರೆದೊಯ್ಯುತ್ತೇನೆ. ಅಷ್ಟು ದಿನ ಅವರ ಪಾಲಿನ ನೀರು ಕುಡಿದ ಋಣ ತೀರಬೇಕಲ್ಲ!